ನಮ್ಮನೆಯ ಸಿಡುಕುಮಲ್ಲಿಗೆ

ನಮ್ಮೂರಿನಲ್ಲಿ ಗಿಡಕ್ಕೆ ನೀರು ಹಾಕುವವರನ್ನು ಯಾರೂ ನಂಬುವುದಿಲ್ಲ. ಅಂಥ ಮನೆಗೆ ಹೆಣ್ಣು ಕೊಡುವುದಿಲ್ಲ, ಅಂಥ ಮನೆಯಿಂದ ಹೆಣ್ಣು ತರುವುದಿಲ್ಲ, ಅಷ್ಟೇಕೆ, ಹೆಪ್ಪಿಗೆ ಒಂದು ಚಮಚ ಮೊಸರು ಕೇಳಿದರೂ ಮುಗಿದುಹೋಯಿತು ಅನ್ನುತ್ತಾರೆ. ಬದನೆಗೆ, ಬಾಳೆಗೆ, ಸೊಪ್ಪಿನ ಮಡಿಗೆ ಬೇಕಾದಷ್ಟು ಹಾಕಿಕೊಳ್ಳಲಿ, ಅದು ಹಿತ್ತಿಲ ಮಾತು. ನಾನು ಹೇಳುತ್ತಿರುವುದು ಮನೆ ಮುಂದಿನ ಸಿಡುಕುಮಲ್ಲಿಗೆಯ ವಿಚಾರ. ಸೊಂಟದೆತ್ತರದ ಗಿಡ, ಬೂದುಬಣ್ಣದ ಸಣ್ಣ ಎಲೆ, ಬಿಳಿ ಹೂವು. ಮಳೆ ಬಾರದಿದ್ದರೆ ಅದಕ್ಕೆ ಚಿಂತೆಯಿಲ್ಲ, ಬಂದರೆ ಮುಖ ಸಿಂಡರಿಸುತ್ತದೆ. ಕಲ್ಲು, ಮೊರಂಬು, ಮುರಿದ ಹೆಂಚಿನ ಚೂರು ಇರುವ ಜಾಗದಲ್ಲಿ ಚೆನ್ನಾಗಿ ಬೇರು ಬಿಡುತ್ತದೆ. ಗೊಬ್ಬರ ಕೇಳುವುದಿಲ್ಲ. ಅದು ಕೇಳುವುದು ಒಂದೇ. ದಿನಾ ಬೆಳಗ್ಗೆ ಯಾರಾದರೂ ಎದುರಿಗೆ ನಿಂತು ಬಾಯಿ ತುಂಬ ಬೈಯಬೇಕು.

ಹಾಗಾಗಿ ನಮ್ಮೂರಿನ ಹೆಂಗಸರು ಬೆಳಗ್ಗೆ ಎದ್ದು ಅಂಗಳ ಗುಡಿಸಿ, ನೀರು ಚಿಮುಕಿಸದೆ ಒಣನೆಲದ ಮೇಲೇ ರಂಗೋಲಿ ಎಳೆದು, ಸೆರಗು ಸಿಕ್ಕಿಸಿಕೊಂಡು ಶುರು ಮಾಡುತ್ತಾರೆ. ಬೀದಿಗೆ ಬೀದಿಯೇ ಬೈಯುತ್ತದೆ. ಹೊಸದಾಗಿ ಬಂದಿದ್ದ ಸಬ್ ಇನ್ಸ್‌ಪೆಕ್ಟರೊಬ್ಬರು ಮೊದಲ ದಿನ ಊರೆಲ್ಲ ಹೊಡೆದಾಟ ಎದ್ದಿದೆ ಎಂದುಕೊಂಡು ಲಾಠಿ ಹಿಡಿದು ಓಡಿಬಂದರಂತೆ. ಒಬ್ಬೊಬ್ಬರೂ ಒಂದೊಂದು ಗಿಡದ ಮುಂದೆ ಕೈ ತಿರುವುತ್ತ ನಿಂತಿರುವುದನ್ನು ಕಂಡು ಚರಂಡಿಯ ಕಟ್ಟೆ ಮೇಲೆ ಹಾಗೇ ಕೂತುಬಿಟ್ಟರಂತೆ. ಈಗ ಠಾಣೆಯ ಗಿಡವನ್ನು ನೋಡಬೇಕು ನೀವು. ಒಳಗೆ ಹೋದ ಕಳ್ಳ ಹೊರಗೆ ಬರುವಾಗ ಕಿವಿಗೆ ಒಂದು ಹೂ ಸಿಕ್ಕಿಸಿಕೊಂಡೇ ಬರುತ್ತಾನೆ.

ಬೈಯುವುದಕ್ಕೂ ನೇಮವಿದೆ. ಗಿಡದ ಹುಟ್ಟು ಎತ್ತಿ ಆಡಬಾರದು, ಸಾವು ಬಯಸಬಾರದು. ನಿನ್ನೆಯ ಬೈಗುಳ ಇವತ್ತಿಗೆ ಹಳಸಲು. ಮುಖ್ಯವಾಗಿ ಸುಳ್ಳು ಬೈಯಬಾರದು. ಒಳಗೆ ಏನೂ ಇಲ್ಲದೆ ಬರೀ ತುಟಿಯಲ್ಲಿ ಬೈದರೆ ಗಿಡಕ್ಕೆ ಗೊತ್ತಾಗಿಬಿಡುತ್ತದೆ. ಹೂ ಬಿಡುತ್ತದೆ, ಕಂಪು ಕೊಡುವುದಿಲ್ಲ. ಅದಕ್ಕೇ ಮದುವೆಗೆ ಮುಂಚೆ ಮೂಗುಶಾಸ್ತ್ರ ಅಂತ ಒಂದು ಇಟ್ಟಿದ್ದಾರೆ. ಗಂಡಿನ ತಾಯಿ ಹೆಣ್ಣಿನ ಮನೆಗೆ ಬಂದು, ಗಿಡದ ಮುಂದೆ ಮಣೆ ಹಾಕಿಸಿಕೊಂಡು ಕೂತು, ಕಣ್ಣು ಮುಚ್ಚಿ ಮೂಸುತ್ತಾಳೆ. ಕಂಪಿದ್ದರೆ ಮನೆಗೆ ಬಾಯಿ ಇದೆ ಎಂದರ್ಥ. ಆ ಹೂವನ್ನೇ ಮುಡಿದು ಹೆಣ್ಣು ಧಾರೆಗೆ ಕೂರುತ್ತಾಳೆ. ಕಂಪಿಲ್ಲದಿದ್ದರೆ ಮದುವೆ ಮುಂದಕ್ಕೆ ಹೋಗುತ್ತದೆ. ಹಾಗೆ ಮುಂದಕ್ಕೆ ಹೋದ ಮದುವೆ ವಾಪಸ್ಸು ಬಂದದ್ದನ್ನು ನಾನಂತೂ ಕಂಡಿಲ್ಲ.

ನಾನು ಈ ಊರಿನವಳಲ್ಲ. ಗುಡ್ಡದ ಆಚೆಯವಳು. ನಮ್ಮ ಕಡೆ ಗಿಡವನ್ನು ಅಪ್ಪಾ, ಕಂದಾ ಅಂತ ಮಾತಾಡಿಸಿ ನೀರು ಹಾಕುತ್ತಾರೆ. ಮದುವೆಯಾಗಿ ಬರುವಾಗ ನಮ್ಮವ್ವ ಒಂದು ತಾಮ್ರದ ಚೆಂಬು ಕೊಟ್ಟಿದ್ದಳು. ಬಂದ ಮಾರನೇ ಬೆಳಗ್ಗೆ, ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಹುಮ್ಮಸ್ಸಿನಲ್ಲಿ, ಆ ಚೆಂಬಿನ ತುಂಬ ನೀರು ತಂದು ಮನೆ ಮುಂದಿನ ಗಿಡಕ್ಕೆ ಸುರಿದೆ. ನಮ್ಮತ್ತೆ ದ್ಯಾವೀರಮ್ಮ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಓಡಿಬಂದರು. "ಅಯ್ಯಯ್ಯೋ, ಗಿಡ ಕೊಂದ್ಲಲ್ರಪ್ಪೋ ನನ್ ಸೊಸೆ!" ಎಂದು ಅವರು ಕೂಗಿದ್ದಕ್ಕೆ ಇಡೀ ಬೀದಿ ಸೇರಿತು. ಚೆಂಬು ಅವತ್ತೇ ಅಟ್ಟ ಸೇರಿತು. ಗಿಡದ ಹತ್ತಿರ ಸುಳಿಯಬೇಡ ಎಂದು ನನಗೆ ಅಪ್ಪಣೆಯಾಯಿತು. ಅಂದಿನಿಂದ ನಾನು ಆ ಗಿಡವನ್ನು ನೋಡಿದ್ದೆಲ್ಲ ಅಡುಗೆಮನೆಯ ಕಿಟಕಿಯಿಂದ.

ಅತ್ತೆಯ ಬೈಗುಳ ಊರಿಗೇ ಹೆಸರಾಗಿತ್ತು. ಪಕ್ಕದ ಬೀದಿಯ ಹೆಂಗಸರು ಕಲಿಯಲು ಬಂದು ಕಾಂಪೌಂಡಿಗೆ ಒರಗಿ ನಿಲ್ಲುತ್ತಿದ್ದರು. "ತವ್ರಿಂದ ಏನ್ ತಂದೆ ನೀನು? ಒಂದು ಹಂಡೆ ತಂದ್ಯಾ, ಒಂದು ಕೊಪ್ಪರಿಗೆ ತಂದ್ಯಾ? ಚೆಂಬ್ ಹಿಡ್ಕೊಂಡ್ ಬಂದೆ, ಚೆಂಬು!" ಎಂದು ಗಿಡಕ್ಕೆ ಬೈಯುತ್ತಿದ್ದರು. ಗಿಡಕ್ಕೆಲ್ಲಿಯ ತವರು? "ಸಾರಿಗೆ ಉಪ್ಪು ಸುರಿಯೋ ಕೈ ನೋಡು ಅದು, ಕೈಯಾ ಮೊರಾನಾ?" ಅನ್ನುತ್ತಿದ್ದರು. ಗಿಡ ಒಂದು ದಿನವೂ ಸಾರು ಮಾಡಿದ್ದಿಲ್ಲ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತ ಗಾದೆ ಇದೆಯಲ್ಲ, ನಮ್ಮ ಮನೆಯಲ್ಲಿ ಸೊಸೆ ಮೇಲಿನ ಕೋಪ ಗಿಡದ ಮೇಲೆ. ಅವರ ಬಾಯಿ ಗಿಡದ ಕಡೆಗಿದ್ದರೂ ಕಣ್ಣು ಮಾತ್ರ ಕಿಟಕಿಯ ಕಡೆಗೇ ಇರುತ್ತಿತ್ತು. ನಾನು ಎದುರಾಡಲಿಲ್ಲ. ತುತ್ತು ನುಂಗಿದ ಹಾಗೆ ಒಂದೊಂದನ್ನೂ ನುಂಗಿಕೊಂಡು ಒಗ್ಗರಣೆ ಹಾಕುತ್ತಿದ್ದೆ.

ಗಿಡಕ್ಕೆ ಮಾತ್ರ ಹಬ್ಬ. ನಮ್ಮನೆ ಹೂವಿನ ಘಮಕ್ಕೆ ಬಸ್ಸಿನಲ್ಲಿ ಹೋಗುವವರು ತಮ್ಮ ಸ್ಟಾಪು ಮರೆತು ನಮ್ಮ ಬೀದಿಯಲ್ಲಿ ಇಳಿದುಬಿಡುತ್ತಿದ್ದರು. ಅತ್ತೆ ಬೈದು ಮುಗಿಸಿ, ಹೂ ಕಿತ್ತು, ಕಟ್ಟಿ, ಒಂದು ಮೊಳ ತಂದು ಅಡುಗೆಮನೆ ಕಿಟಕಿಯ ಮೇಲೆ ಎಸೆದು ಹೋಗುತ್ತಿದ್ದರು. ಯಾರಿಗೆ ಅಂತ ಹೇಳುತ್ತಿರಲಿಲ್ಲ. ನಾನೇ ಮುಡಿಯುತ್ತಿದ್ದೆ, ಇನ್ಯಾರಿದ್ದರು ಅಡುಗೆಮನೆಯಲ್ಲಿ?

ನಮ್ಮ ಯಜಮಾನರು ಹನುಮಂತರಾಯಪ್ಪ. ಗೋಲಿ ಸೋಡಾ ಅಂಗಡಿ. ಅವರ ಸೋಡಾ ಬಾಟಲಿ ಮಾಡುವಷ್ಟು ಸದ್ದನ್ನೂ ಅವರು ಮಾಡಿದವರಲ್ಲ. ಸೊಳ್ಳೆ ಕಚ್ಚಿದರೆ ಅದು ಕುಡಿದು ಮುಗಿಸುವ ತನಕ ಕಾಯುವ ಜಾತಿ. ನಮಗೆ ಒಬ್ಬಳೇ ಮಗಳು, ಪಂಕಜ. ಅವಳಿಗೆ ಅಜ್ಜಿಯ ಬಾಯಿ, ಅಜ್ಜಿಯ ಧೈರ್ಯ. ಸೈಕಲ್ ಅಂಗಡಿಯ ನಾಗಭೂಷಣನನ್ನು ತಾನೇ ಮೆಚ್ಚಿ, ತಾನೇ ಬಂದು ನಮಗೆ ಹೇಳಿದಳು. "ಅವ್ನಾದ್ರೆ ಮದ್ವೆ, ಇಲ್ದಿದ್ರೆ ಹಿಂಗೇ ಇರ್ತೀನಿ, ನೀವು ಇನ್ನೊಂದ್ ಗಂಡು ಹುಡುಕೋ ತೊಂದ್ರೆ ತಗೋಬ್ಯಾಡಿ" ಅಂದಳು. ಹುಡುಗ ಒಳ್ಳೆಯವನು. ಅವನ ತಾಯಿ ವೀರನಾಗಮ್ಮನದು ಮಾತ್ರ ಊರಿನಲ್ಲೇ ಕಟ್ಟುನಿಟ್ಟಾದ ಮೂಗು. ಯಾರ ಮನೆಯ ಒಲೆಯ ಮೇಲೆ ಹಾಲು ಉಕ್ಕಿದೆ ಎಂದು ತನ್ನ ಮನೆಯಲ್ಲಿ ಕೂತೇ ಹೇಳುವ ಹೆಂಗಸು. ಆದರೆ ನಮಗೇನು ಭಯ? ನಮ್ಮ ಗಿಡ ಇತ್ತು, ಗಿಡಕ್ಕೆ ಅತ್ತೆ ಇದ್ದರು. ನಿಶ್ಚಿತಾರ್ಥ ಮುಗಿಯಿತು. ನಿಶ್ಚಯವಾದ ಹುಡುಗಿ ಆಮೇಲೆ ಬೈಯುವ ಹಾಗಿಲ್ಲ. ಗಂಡನ ಮನೆಯಲ್ಲಿ ತನ್ನ ಗಿಡ ನೆಡುವವರೆಗೆ ನಾಲಿಗೆಯನ್ನು ಹಾಗೇ ಕೂಡಿಟ್ಟುಕೊಳ್ಳಬೇಕು. ಪಂಕಜ ತುಟಿ ಬಿಗಿದುಕೊಂಡು ಓಡಾಡತೊಡಗಿದಳು.

ಆಗ ಅತ್ತೆ ಅಟ್ಟ ಹತ್ತಿದರು. ಮದುವೆಯ ಉಪ್ಪಿನಕಾಯಿಗೆ ದೊಡ್ಡ ಜಾಡಿ ಬೇಕಿತ್ತು. ನಾನು ಹತ್ತುತ್ತೇನೆ ಎಂದರೆ, "ನೀನ್ ಹತ್ತಿದ್ರೆ ಅಟ್ಟಾನೇ ಇಳಿಸ್ತೀಯ" ಎಂದು ಗಿಡದ ಕಡೆ ನೋಡಿ ಹೇಳಿ ಏಣಿಗೆ ಕಾಲಿಟ್ಟರು. ಜಾಡಿಗೆ ಕೈ ಹಾಕಿದಾಗ ಪಕ್ಕದಲ್ಲಿದ್ದ ನನ್ನ ತಾಮ್ರದ ಚೆಂಬು ಉರುಳಿ ಅವರ ನೆತ್ತಿಯ ಮೇಲೆ ಬಿತ್ತು. ಅವರು ಕೆಳಗೆ ಬಿದ್ದರು. ಪುಣ್ಯಕ್ಕೆ ಬಿದ್ದದ್ದು ಹಾಸಿಗೆಯ ಸುರುಳಿಯ ಮೇಲೆ. ನಾವು ಓಡಿಹೋಗಿ ಎತ್ತಿದಾಗ ನಗುತ್ತಿದ್ದರು. ನನ್ನ ಗದ್ದ ಹಿಡಿದು, "ಚಂದ್ರಮ್ಮ, ನನ್ ಬಂಗಾರ, ಊಟ ಮಾಡ್ದೇನವ್ವ?" ಅಂದರು. ನನ್ನ ಹಿಂದೆ ಯಾರು ನಿಂತಿದ್ದಾರೆ ಅಂತ ತಿರುಗಿ ನೋಡಿದೆ. ಗೋಡೆ ಇತ್ತು.

ಡಾಕ್ಟರು ಬಂದು ಕಣ್ಣು ಬಿಡಿಸಿ, ನಾಲಿಗೆ ಚಾಚಿಸಿ, ಮಂಡಿ ತಟ್ಟಿ ನೋಡಿದರು. "ಎಲ್ಲಾ ಸರಿಯಾಗಿದೆ. ಒಳ್ಳೆಯವರಾಗಿಬಿಟ್ಟಿದ್ದಾರೆ, ಅಷ್ಟೆ. ಅದಕ್ಕೆ ನಮ್ಮಲ್ಲಿ ಔಷಧಿ ಇಲ್ಲ" ಎಂದು ಹೇಳಿ ಒಂದು ಸೋಡಾ ಕುಡಿದು ಹೋದರು.

ಮಾರನೇ ಬೆಳಗ್ಗೆ ಕಾಂಪೌಂಡಿನ ಆಚೆ ಎಂದಿನಂತೆ ಹೆಂಗಸರು ನಿಂತಿದ್ದರು. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಂದು, ಗಿಡದ ಮುಂದೆ ನಿಂತು, ಒಂದು ಕೊಂಬೆ ಸವರಿ, "ಏನ್ ಕಂದಾ, ಚೆನ್ನಾಗ್ ನಿದ್ದೆ ಬಂತಾ?" ಅಂದರು. ಗಿಡ ತನ್ನ ಮೇಲಿದ್ದ ಮೊಗ್ಗನ್ನೆಲ್ಲ ಒಂದೇ ಸಲ ಉದುರಿಸಿತು. ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡು ತಮ್ಮ ತಮ್ಮ ಮನೆಗೆ ಓಡಿದರು. ಅವತ್ತು ಊರಿನಲ್ಲಿ ಯಾರೂ ಸರಿಯಾಗಿ ಬೈಯಲಿಲ್ಲವಂತೆ.

ಆಮೇಲೆ ನಮ್ಮ ಮನೆಯಲ್ಲಿ ಸಿಹಿಯ ಕಾಟ ಶುರುವಾಯಿತು. ಹಾಲು ಕದಿಯುವ ಬೆಕ್ಕಿಗೆ ಅತ್ತೆ ದೀರ್ಘಾಯುಷ್ಯ ಹಾರೈಸಿದರು. ಬಾಡಿದ ಬೀನ್ಸ್ ತಂದವನಿಗೆ, "ಎಷ್ಟ್ ಎಳೇದಪ್ಪ, ನಿನ್ ಹಂಗೇ" ಅಂದರು. ನಾನು ಸಾರಿಗೆ ಬೇಕೆಂದೇ ಮೂರು ಹಿಡಿ ಉಪ್ಪು ಹಾಕಿದೆ. ಸುರ್ ಎಂದು ಕುಡಿದು, "ಅಮೃತ ಕಣವ್ವ" ಎಂದು ಕಣ್ಣೊರೆಸಿಕೊಂಡರು. ಅವರು ಕೂತೆದ್ದ ಜಾಗಕ್ಕೆಲ್ಲ ಇರುವೆ ಮುತ್ತುತ್ತಿದ್ದವು. ಮಂಚದ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟೆವು. ನನಗೆ ಅವರು ಬಂಗಾರ ಅಂದಾಗಲೆಲ್ಲ ಮೈ ಉರಿಯುತ್ತಿತ್ತು. ಯಾಕೆ ಉರಿಯುತ್ತದೆ ಅಂತ ಗೊತ್ತಾಗದೆ ಇನ್ನೂ ಉರಿಯುತ್ತಿತ್ತು.

ಮೂಗುಶಾಸ್ತ್ರಕ್ಕೆ ದಿನ ಹತ್ತಿರವಾಗುತ್ತಿತ್ತು, ಗಿಡ ಬೋಳಾಗಿ ನಿಂತಿತ್ತು. ಯಜಮಾನರನ್ನು ಗಿಡದ ಮುಂದೆ ತಳ್ಳಿದೆ. ಅವರು ಅಂಗಿಯ ಗುಂಡಿ ಹಾಕಿಕೊಂಡು, ಗಂಟಲು ಸರಿ ಮಾಡಿಕೊಂಡು, ತುಂಬ ಹೊತ್ತು ನಿಂತು, "ನೀನು... ನೀನು ಸ್ವಲ್ಪ... ಅಂದ್ರೆ, ತಪ್ಪು ತಿಳ್ಕೋಬ್ಯಾಡ..." ಎಂದು ಹೇಳಿ ಬೆವರು ಒರೆಸಿಕೊಂಡರು. ಗಿಡಕ್ಕೇ ಅವರನ್ನು ಕಂಡು ಪಾಪ ಅನ್ನಿಸಿರಬೇಕು, ಒಂದೆಲೆ ಅಲುಗಿಸಿತು.

ಕೊನೆಗೆ ಎದುರುಮನೆಯ ಲಿಂಗಣ್ಣನನ್ನು ಕರೆದೆ. ಬಸ್ ಕಂಡಕ್ಟರಾಗಿದ್ದು ರಿಟೈರ್ ಆದವನು. ಬೈಗುಳ ಅವನ ಕಸುಬಿನಲ್ಲೇ ಇತ್ತು. ಬಂದವನೇ ಸೀಟಿ ಊದಿ ಶುರು ಮಾಡಿದ. "ಏಯ್, ಬಾಗ್ಲಲ್ಲಿ ಯಾಕ್ ನಿಂತ್ಕೊಂಡೆ? ಕಿವಿ ಕೇಳ್ಸಲ್ವಾ? ಹಿಂದಕ್ ಸರಿ, ಹಿಂದಕ್! ನಿಮ್ಮಪ್ಪಂದಾ ಬಸ್ಸು?" ಗಿಡ ಹಿಂದಕ್ಕೆ ಸರಿಯಿತು. ಒಂದು ವಾರ ಅವನು ಬೈದ ಮೇಲೆ ಕೊಂಬೆಗಳೆಲ್ಲ ಕಾಂಪೌಂಡಿಗೆ ಒತ್ತಿಕೊಂಡು, ಮುಂದೆ ಇಬ್ಬರು ನಿಲ್ಲುವಷ್ಟು ಜಾಗ ಬಿಟ್ಟಿದ್ದವು. ಹೂವೂ ಬಿಟ್ಟಿತು. ಓಡಿಹೋಗಿ ಮೂಸಿದೆ. ಡೀಸೆಲ್ ವಾಸನೆ. ಆ ಹೂ ಮುಡಿದು ನಮ್ಮ ಹುಡುಗಿ ಹಸೆಗೆ ಕೂತರೆ ಪುರೋಹಿತರು ರೈಟ್ ರೈಟ್ ಅನ್ನಬೇಕಾಗುತ್ತಿತ್ತು. ಲಿಂಗಣ್ಣನಿಗೆ ಕೈಮುಗಿದು ಕಳಿಸಿದೆ. ಪಂಕಜ ಬಂದು ತುಟಿ ಬಿಗಿದುಕೊಂಡೇ ಉದುರಿದ ಡೀಸೆಲ್ ಹೂಗಳನ್ನು ಗುಡಿಸಿದಳು. ಬಾಯಿ ಬಿಟ್ಟಿದ್ದರೆ ಒಂದೇ ಬೈಗುಳದಲ್ಲಿ ಗಿಡ ಮೈತುಂಬ ಹೂ ಬಿಡುತ್ತಿತ್ತು, ನನಗೆ ಗೊತ್ತು. ಆದರೆ ನೇಮ ಮುರಿದವಳನ್ನು ವೀರನಾಗಮ್ಮ ಮನೆ ತುಂಬಿಸಿಕೊಳ್ಳುತ್ತಿರಲಿಲ್ಲ.

"ನೀನೇ ಬೈಯಮ್ಮ" ಎಂದು ಅವತ್ತು ಪಂಕಜ ಸಣ್ಣ ದನಿಯಲ್ಲಿ ಕೇಳಿದಳು.

"ನನಗೆಲ್ಲಿ ಬರುತ್ತೆ? ನಾನು ಚೆಂಬಿನ ಊರೋಳು" ಅಂದೆ. ಆದರೂ ಗಿಡದ ಹತ್ತಿರ ಹೋದೆ. ಬೈಯಲೆಂದು ಅದರ ಎದುರಿಗೆ ನಿಂತದ್ದು ಅದೇ ಮೊದಲು. ಬಾಯಿ ತೆರೆದೆ. ಕೋಪ ಬಂತು, ಮಾತು ಬರಲಿಲ್ಲ. ಹಿಂದಿನಿಂದ ಅತ್ತೆ, "ಗಿಡದ್ ಹತ್ರ ನಿಂತ್ರೆ ಎಷ್ಟ್ ಚೆಂದ ಕಾಣ್ತೀಯೆ ನನ್ನವ್ವ" ಅಂದರು. ಬಾಯಿ ಮುಚ್ಚಿಕೊಂಡು ಒಳಗೆ ಬಂದೆ.

ಇದರ ನಡುವೆ ಒಂದು ವಿಚಿತ್ರ ನಡೆಯಿತು. ಬೋಳಾಗಿದ್ದ ಗಿಡ ಇದ್ದಕ್ಕಿದ್ದಂತೆ ಚಿಗುರತೊಡಗಿತು. ಚಿಗುರು ಅಂದರೆ ಅಂಥಿಂಥ ಚಿಗುರಲ್ಲ. ಬೂದುಬಣ್ಣ ಹೋಗಿ ಗಿಳಿಹಸಿರಾಯಿತು, ಎಲೆ ಅಂಗೈಯಗಲವಾಯಿತು, ಸೊಂಟದೆತ್ತರದ್ದು ಆಳೆತ್ತರವಾಯಿತು. ನಮ್ಮೂರಿನಲ್ಲಿ ಸಿಡುಕುಮಲ್ಲಿಗೆ ಹಾಗೆ ಕೊಬ್ಬುವುದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ. ದಾರಿಯಲ್ಲಿ ಹೋಗುವವರು ಮುಖ ಅತ್ತ ತಿರುಗಿಸಿಕೊಂಡು ಹೋದರು. ಮಕ್ಕಳ ಕಣ್ಣಿಗೆ ಬಟ್ಟೆ ಅಡ್ಡ ಹಿಡಿದರು. ನಾನು ಹೊಸ ದುಪ್ಪಟಿ ತಂದು ಗಿಡಕ್ಕೆ ಹೊದಿಸಿದೆ. ಆಮೇಲೆ ನೋಡಿದವರು, ಮನೆ ಮುಂದೆ ಯಾರೋ ಹೊದ್ದುಕೊಂಡು ನಿಂತಿದ್ದಾರೆ, ಚಳಿಜ್ವರವೇನೋ ಎಂದು ವಿಚಾರಿಸತೊಡಗಿದರು. ಯಾಕೆ ಹೀಗಾಯಿತು ಎಂದು ನನಗೆ ತಿಳಿಯಲಿಲ್ಲ. ಯಜಮಾನರು ಮಾತ್ರ ಆ ದಿನಗಳಲ್ಲಿ ಊಟಕ್ಕೆ ಕೂತಾಗ ನನ್ನ ಮುಖ ನೋಡುತ್ತಿರಲಿಲ್ಲ.

ಮೂಗುಶಾಸ್ತ್ರದ ದಿನ ಬಂದೇಬಿಟ್ಟಿತು. ವೀರನಾಗಮ್ಮ ರೇಷ್ಮೆಸೀರೆ ಉಟ್ಟು, ಮೂಗಿಗೆ ಹೊಸ ಮೂಗುಬೊಟ್ಟು ಇಟ್ಟು, ನಾಲ್ಕು ಜನ ನೆಂಟರನ್ನು ಕಟ್ಟಿಕೊಂಡು ಬಂದರು. ಪಾನಕ ಕುಡಿದರು. ಮಣೆಯ ಮೇಲೆ ಕೂತರು. ಎದುರಿಗೆ ದುಪ್ಪಟಿ.

"ಯಾರವ್ವ ಇದು?" ಎಂದು ಕೇಳಿದರು.

"ಗಿಡ ಕಣ್ರೀ. ಬಿಸಿಲು ಜಾಸ್ತಿ ಅಂತ ಹೊದಿಸಿದ್ದೀನಿ" ಅಂದೆ.

"ಸಿಡುಕುಮಲ್ಲಿಗೆಗೆ ಬಿಸಿಲಾ?" ಎಂದು ವೀರನಾಗಮ್ಮ ಹುಬ್ಬೇರಿಸಿದರು. ನಾನು ಇನ್ನೊಂದು ಸುಳ್ಳು ಹುಡುಕುವಷ್ಟರಲ್ಲಿ ಅತ್ತೆ ಎದ್ದು ಬಂದು, "ಪಾಪ, ಕಂದಂಗೆ ಸೆಕೆ" ಎಂದು ದುಪ್ಪಟಿ ಎಳೆದೇಬಿಟ್ಟರು.

ಗಿಡ ಗಾಳಿಗೆ ತೊನೆಯುತ್ತ, ಮೈಯೆಲ್ಲ ಎಲೆಯಾಗಿ, ಎಲ್ಲರ ಮುಂದೆ ನಿಂತಿತು. ನೆಂಟರಲ್ಲೊಬ್ಬರು ಸೆರಗಿನಿಂದ ಕಣ್ಣು ಮುಚ್ಚಿಕೊಂಡರು. ವೀರನಾಗಮ್ಮನ ಮೂಗುಬೊಟ್ಟು ನಡುಗಿತು. "ನೀರು ಹಾಕಿದ್ದೀರ?" ಅಂದರು. ಆ ಮಾತನ್ನು ಅವರು ಎಷ್ಟು ಮೆಲ್ಲಗೆ ಹೇಳಿದರೆಂದರೆ, ಕೂಗಿದ್ದರೇ ವಾಸಿಯಿತ್ತು.

ಯಜಮಾನರು ಬಾಗಿಲ ಸಂದಿಯಿಂದ ಹೊರಗೆ ಬಂದರು. ಕೈಯಲ್ಲಿ ನನ್ನ ತಾಮ್ರದ ಚೆಂಬು. "ನಾನೇ ಹಾಕ್ದೆ" ಅಂದರು. "ಅವ್ವ ಬೈಯೋದು ಬಿಟ್ಟ ಮೇಲೆ ಬಾಯಾರಿಕೆ ಆಗಿರುತ್ತೆ ಅನ್ನಿಸ್ತು. ದಿನಾ ಒಂದೊಂದೇ ಚೆಂಬು. ತಪ್ಪಾಯ್ತು."

ವೀರನಾಗಮ್ಮ ಮಣೆಯಿಂದ ಎದ್ದರು. "ನೋಡ್ರಪ್ಪ, ನಿಮ್ ಹುಡುಗಿ ಮೇಲೆ ನಮಗೇನೂ ಇಲ್ಲ. ಆದ್ರೆ ಬಾಯಿಲ್ಲದ ಮನೆ, ಅದರ ಮೇಲೆ ನೀರಿನ ಮನೆ. ಮುಂದಕ್ ಹಾಕೋಣ" ಎಂದು ಚಪ್ಪಲಿಗೆ ಕಾಲು ತೂರಿಸಿದರು. ಪಂಕಜ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. ಅಳಲಿಲ್ಲ. ಬಾಯಿ ಬಿಟ್ಟರೆ ಬೈಗುಳ ಬಂದುಬಿಡುತ್ತದೆ ಎಂದು ಸೆರಗನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು.

ಆಗ ಅತ್ತೆ ನನ್ನ ಬೆನ್ನು ಸವರಿ, "ಹೋಗ್ಲಿ ಬಿಡು ನನ್ ಬಂಗಾರ. ನಿನ್ನಂಥ ಸೊಸೆ ಯಾರಿಗಿದ್ದಾಳೆ?" ಅಂದರು.

ನನಗೆ ಏನಾಯಿತೋ ಕಾಣೆ. ಸೀದಾ ಗಿಡದ ಮುಂದೆ ಹೋಗಿ ನಿಂತೆ. ಸೆರಗು ಸಿಕ್ಕಿಸಿಕೊಂಡದ್ದೂ ನನಗೆ ಗೊತ್ತಿಲ್ಲ, ಆಮೇಲೆ ನೋಡಿಕೊಂಡರೆ ಸಿಕ್ಕಿಸಿಯಾಗಿತ್ತು. "ಬಂಗಾರವಂತೆ ಬಂಗಾರ!" ಅಂದೆ. "ಇಷ್ಟ್ ವರ್ಷ ಎಲ್ಲಿ ಹೂತಿಟ್ಟಿದ್ದೆ ಈ ಬಂಗಾರಾನ? ನಾನ್ ಬಂದ ಮಾರನೇ ದಿನ ನನ್ ಚೆಂಬ್ ಕಿತ್ಕೊಂಡು ಅಟ್ಟಕ್ಕೆಸೆದ್ಯಲ್ಲ, ಅವತ್ ಗೊತ್ತಿರ್ಲಿಲ್ವಾ? ಅದು ನಮ್ಮವ್ವ ಕೊಟ್ಟ ಚೆಂಬು! ಹಬ್ಬದ್ ದಿನ ಕಾವಲಿಗೆ ಅಂಟ್ಕೊಂಡ್ ಹರಿದಿದ್ ಹೋಳಿಗೆ ಯಾವಾಗ್ಲೂ ನನ್ ಎಲೆಗೇ ಬರ್ತಿತ್ತಲ್ಲ, ಅದಕ್ಕೇನು ನನ್ ಎಲೆ ದಾರಿ ಒಂದೇ ಗೊತ್ತಿತ್ತಾ? ಗಿಡದ್ ಮುಂದೆ ನಿಂತ್ಕೊಂಡು ಕಿಟಕಿಗ್ ಬೈದೆ. ಬೈಯೋದಾದ್ರೆ ನನ್ ಮುಖ ನೋಡಿ ಬೈಬೇಕಾಗಿತ್ತು, ನಾನೇನ್ ಕಿಟಕಿಯಾ?"

ಹಿಂದೆ ಯಜಮಾನರು "ಚಂದ್ರೀ" ಎಂದರು. ತಿರುಗಿದೆ. "ನೀವ್ ಸುಮ್ನಿರಿ! ಗಿಡಕ್ ಬಾಯಾರಿದ್ದು ಕಂಡ್ತಂತೆ ಇವ್ರಿಗೆ! ಆ ಅಡುಗೆಮನೇಲಿ ನಂಗ್ ಬಾಯಾರಿದಾಗ ಒಂದ್ ಸೋಡಾ ಆದ್ರೂ ತಂದ್ಕೊಟ್ರಾ? ಊರಿಗೆಲ್ಲ ಸೋಡಾ, ಹೆಂಡ್ತಿಗೆ ಬರೀ ಗೋಲಿ!" ಚಪ್ಪಲಿ ಮೆಟ್ಟಿದ್ದ ವೀರನಾಗಮ್ಮನಿಗೂ ಪಾಲು ಹೋಯಿತು. "ನೀವೂ ಅಷ್ಟೆ. ಮೂಗ್ ಹೊತ್ಕೊಂಡ್ ಬಂದ್ಬಿಟ್ರಿ. ನನ್ ಮಗಳು ನಿಮ್ ಮಗನ್ನ ಮೆಚ್ಚಿ ಊಟ ಬಿಟ್ಟು ಕೂತವಳೆ, ಅದ್ರ ವಾಸ್ನೆ ಬರಲ್ವಾ ನಿಮಗೆ?" ಆಮೇಲೆ ಗಿಡಕ್ಕೆ. "ಏ ತಿಂದ್ ಕೊಬ್ಬಿದ ಸೋಂಬೇರಿ! ಅನ್ನಕ್ ದಂಡ, ಭೂಮಿಗ್ ಭಾರ. ಎಮ್ಮೆ ಹಂಗೆ ಎಲೆ ಬೆಳಸ್ಕೊಂಡು ನಿಂತಿದ್ದೀಯ, ನನ್ ಬೈಗುಳ ತಿಂದು ಊರೆಲ್ಲಾ ಘಮಘಮ ಅಂತಿದ್ದೆ. ಒಂದಾದ್ರೂ ನಿಂದಾ ಅದು? ಅಷ್ಟೂ ನನ್ನವು! ನನ್ ಪಾಲಿನ್ ಬೈಗುಳ ನುಂಗಿ, ನನ್ ಮಗಳ ಮದ್ವೆಗೆ ಒಂದ್ ಹೂವಿಗೆ ಗತಿ ಇಲ್ವಾ ನಿಂಗೆ?"

ಉಸಿರು ಎಳೆದುಕೊಂಡೆ. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ದನಿ ಇಳಿದುಹೋಯಿತು. ಅತ್ತೆಯ ಕಡೆ ನೋಡದೆ ಹೇಳಿದೆ. "ನಮ್ಮವ್ವ ಹೋದ ಸುದ್ದಿ ಬಂದಾಗ ಹೋಗ್ ಬಾ ಅಂದೆ. ಬುತ್ತಿ ಕಟ್ಕೊಟ್ಟೆ. ನನ್ ತಲೆ ಮೇಲೆ ಒಂದ್ ಕೈ ಇಡ್ಲಿಲ್ಲ ನೀನು. ಅವತ್ತು ಬೇಕಾಗಿತ್ತು ನಂಗೆ ಈ ಮಾತು. ಇವತ್ತು ಬೆಕ್ಕಿಗೂ ಬಂಗಾರ, ಬೀನ್ಸ್ ಮಾರೋನಿಗೂ ಬಂಗಾರ, ನಂಗೂ ಬಂಗಾರ. ಯಾರಿಗ್ ಬೇಕು ನಿನ್ ಬಂಗಾರ?"

ಮೊದಲು ಒಂದು ಎಲೆ ಬಿತ್ತು. ಆಮೇಲೆ ಹತ್ತು. ಆಮೇಲೆ ಆಳೆತ್ತರದ ಗಿಡ ತನ್ನ ಮೇಲಿನ ಹಸಿರನ್ನು ಪೂರ್ತಿ ಸರಸರನೆ ಕಳಚಿ ಹಾಕಿ ಕಡ್ಡಿ ಕಡ್ಡಿಯಾಗಿ ನಿಂತಿತು. ಮುಗಿಯಿತು, ಗಿಡ ಕೊಂದ ಸೊಸೆ ಎಂಬ ಹೆಸರು ಎರಡನೇ ಸಲ ನನಗೇ ಬಂತು ಎಂದುಕೊಂಡೆ. ಅಷ್ಟರಲ್ಲಿ ಒಂದು ಕಡ್ಡಿಯ ತುದಿಯಲ್ಲಿ ಟಪ್ ಎಂದು ಸದ್ದಾಯಿತು. ಬಾಣಲೆಯಲ್ಲಿ ಅರಳು ಹುರಿದ ಹಾಗೆ ಟಪ್, ಟಪ್, ಟಪಟಪ ಎಂದು ಗಿಡದ ತುಂಬ ಮೊಗ್ಗು ಸಿಡಿದವು. ಕ್ಷಣದಲ್ಲಿ ಕಡ್ಡಿ ಕಾಣದ ಹಾಗೆ ಬೆಳ್ಳಗಾಯಿತು.

ಘಮ ಬಂತು. ಮೊದಲು ಮಲ್ಲಿಗೆ, ಎಂದಿನ ನಮ್ಮನೆಯ ಮಲ್ಲಿಗೆ. ಅದರ ಬೆನ್ನಿಗೇ ಇನ್ನೊಂದು ವಾಸನೆ ಎದ್ದಿತು. ಹೂವಿನಿಂದ ಬಂದ ಆ ವಾಸನೆ ಏನೆಂದು ಈ ಊರಿನವರಿಗೆ ಗೊತ್ತಾಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿದರು. ನನಗೆ ಗೊತ್ತಾಯಿತು. ಬೆಳಗ್ಗೆ ಚೆಂಬಿನಿಂದ ನೀರು ಚಿಮುಕಿಸಿದಾಗ ನಮ್ಮವ್ವನ ಅಂಗಳದಿಂದ ಏಳುತ್ತಿದ್ದ, ನೆಂದ ಮಣ್ಣಿನ ವಾಸನೆ ಅದು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ವೀರನಾಗಮ್ಮ ಚಪ್ಪಲಿ ಬಿಟ್ಟು ಮತ್ತೆ ಮಣೆಯ ಮೇಲೆ ಕೂತರು. ಕಣ್ಣು ಮುಚ್ಚಿ, ಮೂಗು ಮುಂದೆ ಮಾಡಿ, ಉಸಿರು ಎಳೆದುಕೊಂಡರು. ಬಹಳ ಹೊತ್ತು ಬಿಡಲಿಲ್ಲ. ಬಿಟ್ಟಾಗ ಅವರ ಕಣ್ಣಲ್ಲೂ ನೀರಿತ್ತು. "ಬಾಯಿ ಇದೆ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನನಗ್ ಬೈದಿದ್ದು ಸ್ವಲ್ಪ ಚಿಕ್ಕದಾಯ್ತು ಬೀಗಿತ್ತಿ" ಎಂದು ಬೇಜಾರು ಮಾಡಿಕೊಂಡರು.

ಪಂಕಜ ಸೆರಗು ಬಾಯಿಯಿಂದ ಬಿಡಿಸಿಕೊಂಡು ಓಡಿಬಂದು ನನ್ನ ಕುತ್ತಿಗೆಗೆ ಜೋತುಬಿದ್ದಳು. ಅವಳ ಭುಜದ ಮೇಲಿನಿಂದ ಅತ್ತೆಯನ್ನು ನೋಡಿದೆ. ಅವರು ಮೆಟ್ಟಿಲ ಮೇಲೆ ಕೂತು ನಾಲಿಗೆಯನ್ನು ಸೆರಗಿನ ತುದಿಯಿಂದ ಉಜ್ಜಿಕೊಳ್ಳುತ್ತಿದ್ದರು. "ಥೂ, ಸಾಕಾಗಿತ್ತಪ್ಪ" ಅಂದರು. "ಸಿಹಿ ಮಾತಾಡಿ ಮಾತಾಡಿ ನಾಲಿಗೆಯೆಲ್ಲ ಅಂಟಂಟು. ನೀನ್ ಮಾಡಿದ್ ಉಪ್ಪಿನ್ ಸಾರು ಕುಡಿಯೋ ಹೊತ್ತಿಗೆ ಜೀವ ಹೋಗಿ ಬಂತು. ಮೂರ್ ಹಿಡಿನಾ ಹಾಕೋದು, ಮೂದೇವಿ?"

ನನ್ನ ಅಳು ನಿಂತುಹೋಯಿತು. "ಅಂದ್ರೆ ನೀವು..."

"ಬಿದ್ದಿದ್ ನಿಜ. ನಿನ್ ಚೆಂಬು ಬುರುಡೆಗ್ ಹೊಡೆದಿದ್ದೂ ನಿಜ. ಕಣ್ ಬಿಟ್ಟಾಗ, ನಾಳೆ ನಾನ್ ಹೋದ್ರೆ ಈ ಗಿಡಕ್ ಯಾರ್ ಗತಿ ಅನ್ನಿಸ್ತು. ನಾನ್ ಬೈತಾ ಇರೋ ತನಕ ನಿನ್ ಬಾಯಿ ತೆರೆಯಲ್ಲ. ಅದಕ್ಕೇ ನಾನ್ ಮುಚ್ಕೊಂಡೆ." ಆಮೇಲೆ ಊರಿಗೆ ಪಾಠ ಹೇಳುತ್ತಿದ್ದ ಹಳೇ ದನಿಯಲ್ಲಿ, "ಹೋಳಿಗೆ ವಿಚಾರ ಬೇಕಾಗಿರ್ಲಿಲ್ಲ. ಅಲ್ಲಿ ಎಳೆದುಬಿಟ್ಟೆ" ಅಂದರು.

ಮದುವೆ ಚೆನ್ನಾಗಿ ನಡೆಯಿತು. ಪಂಕಜ ನಮ್ಮ ಹೂ ಮುಡಿದು ಧಾರೆಗೆ ಕೂತಳು, ಛತ್ರದವರೆಲ್ಲ ಊಟ ಬಿಟ್ಟು ಅವಳ ಹಿಂದೆ ಹಿಂದೆ ಓಡಾಡಿದರು. ಹೊರಡುವಾಗ ಗಿಡದ ಒಂದು ಕಡ್ಡಿ ಮುರಿದುಕೊಂಡು, ಒದ್ದೆಬಟ್ಟೆ ಸುತ್ತದೆ, ನೇಮದ ಪ್ರಕಾರ ಒಣಗಿದ ಬಟ್ಟೆಯಲ್ಲೇ ಸುತ್ತಿಕೊಂಡು ಹೋದಳು. ಮಾರನೇ ಬೆಳಗ್ಗೆ ಮೂರು ಬೀದಿಯಾಚೆಯಿಂದ ಅವಳ ಮೊದಲ ಬೈಗುಳ ನಮಗೆ ಇಲ್ಲಿಗೇ ಕೇಳಿಸಿತು. ಕೂಡಿಟ್ಟದ್ದೆಲ್ಲ ಒಂದೇ ಸಲ ಬಿಟ್ಟಳು. ಯಜಮಾನರು ಹೆಮ್ಮೆಯಿಂದ ಒಂದು ಸೋಡಾ ಒಡೆದು, ಮೊದಲ ಲೋಟ ನನಗೆ ತಂದುಕೊಟ್ಟರು.

ಈಗ ಬೈಯುವುದು ನಾನೇ. ಅಂಗಳದ ಹೂವಿಗೆ ಸ್ವಲ್ಪ ಮಣ್ಣಿನ ವಾಸನೆ ಬೆರೆತಿದೆ ಎಂದು ಹೊರಗಿನ ಬಸ್ಸಿನವರೂ ಇಳಿದು ಮೂಸಿ ಹೋಗುತ್ತಾರೆ. ಅತ್ತೆ ಮೆಟ್ಟಿಲ ಮೇಲೆ ಕೂತು ಎಲ್ಲಿ ಎಳೆದೆ, ಎಲ್ಲಿ ಖಾರ ಸಾಲದು ಎಂದು ಹೇಳುತ್ತಾರೆ. ನನಗೆ ಒಂದು ಮಾತು ಮಾತ್ರ ಒಳಗೆ ಕೊರೆಯುತ್ತಿತ್ತು. ಮದುವೆ ಮುಗಿದ ಕೆಲವು ದಿನಕ್ಕೆ, ಬೈದು ಮುಗಿಸಿ ಸೆರಗು ಬಿಡಿಸಿಕೊಳ್ಳುತ್ತ ಕೇಳಿಯೇಬಿಟ್ಟೆ. "ಅತ್ತೆ, ಆ ದಿನಗಳಲ್ಲಿ ನಾಟ್ಕ ಆಡಿದ್ರಲ್ಲ, ನನ್ನ ಬಂಗಾರ ಅಂದಿದ್ದೂ ನಾಟ್ಕಾನೇನಾ?"

ಅತ್ತೆ ಮಂಡಿ ಹಿಡಿದುಕೊಂಡು ಎದ್ದರು. ಮೆಟ್ಟಿಲಿಳಿದು, ನನ್ನನ್ನು ಪಕ್ಕಕ್ಕೆ ಸರಿಸಿ, ಗಿಡದ ಮುಂದೆ ಹೋಗಿ ನಿಂತರು. ಸೆರಗು ಸಿಕ್ಕಿಸಿಕೊಂಡರು. ಕಾಂಪೌಂಡಿನಾಚೆಯ ಹೆಂಗಸರು ಹಳೇ ದನಿ ಕೇಳಲು ಓಡಿಬಂದರು.

"ಏ ಮಂಕುದಿಣ್ಣೆ!" ಎಂದು ಅತ್ತೆ ಗಿಡಕ್ಕೆ ಬೈದರು. "ಇಷ್ಟ್ ವರ್ಷ ದಿನಾ ಬೆಳಗ್ಗೆ ನಾನು ಕಿಟಕಿ ಮೇಲೆ ಹೂವಿಟ್ಟಿದ್ದು ಯಾರಿಗೆ ಅಂತ ತಿಳ್ಕೊಂಡಿದ್ದೆ ನೀನು? ಕಿಟಕಿಗಾ?"

ಗಿಡದಲ್ಲಿ ಟಪ್ ಎಂದು ಒಂದು ಮೊಗ್ಗು ಒಡೆಯಿತು. ಅತ್ತೆ ಅದನ್ನು ಕಿತ್ತು, ಈ ಸಲ ಎಸೆಯದೆ, ನನ್ನ ತಲೆಗೆ ಮುಡಿಸಿ, ಆ ಕೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟರು.